ದುರ್ಬಲ ಅಲರ್ಜಿಕಾರಕಗಳು: ಗಿನಿಪಿಗ್ ಮತ್ತು ಇಲಿಗಳಿಂದ ನಾವು ಕಲಿತದ್ದು

(ಚರ್ಮರೋಗಿಗಳ ತಿಳಿವಳಿಕೆ ಕಾರ್ಯಕ್ರಮದಲ್ಲಿ ನಮ್ಮ ಆಸ್ಪತ್ರೆಯ ಶುಶ್ರೂಷಾ ಶಿಕ್ಷಕಿಯವರು ಮಾಡಿದ ಭಾಷಣದ ಬರಹ ರೂಪ)

 

ಚರ್ಮಕ್ಕೆ ಏನಾದರೂ ತಾಗಿ ಬರುವ ಅಲರ್ಜಿಯ ಇಸುಬು ಈ ದಿನದ ವಿಷಯ. ಡಾಕ್ಟರು "ಈ ವಸ್ತು ನಿಮಗೆ ಒಗ್ಗುವುದಿಲ್ಲ, ಬಿಟ್ಟುಬಿಡಿ" ಎಂದು ಹೇಳಿ ಕಳಿಸಿದ ಮೇಲೆ ನೀವು ನಮ್ಮ ಹತ್ತಿರ ಬಂದು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಮೂರೇ. "ಸಿಸ್ಟರ್, ಹತ್ತು ವರ್ಷದಿಂದ ಇದನ್ನೇ ಹಚ್ಚುತ್ತಿದ್ದೇನೆ, ಈಗ ಹೇಗೆ ಅಲರ್ಜಿ ಬಂತು?" ಎಂಬುದು ಒಂದು. "ಪರೀಕ್ಷೆ ಮಾಡಿದ್ದು ಅಂತ ಡಬ್ಬಿಯ ಮೇಲೆ ಬರೆದಿದೆಯಲ್ಲ?" ಎಂಬುದು ಎರಡು. "ಮನೆಯವರೆಲ್ಲ ಇದನ್ನೇ ಬಳಸುತ್ತಾರೆ, ನನಗೊಬ್ಬಳಿಗೇ ಏಕೆ?" ಎಂಬುದು ಮೂರು.

ಮೂರೂ ನ್ಯಾಯವಾದ ಪ್ರಶ್ನೆಗಳೇ. ಇವುಗಳಿಗೆ ಉತ್ತರ ಹುಡುಕಲು ವಿಜ್ಞಾನಿಗಳು ತೊಂಬತ್ತು ವರ್ಷಗಳಿಂದ ಗಿನಿಪಿಗ್ ಮತ್ತು ಇಲಿಗಳ ಮೇಲೆ ಪ್ರಯೋಗ ಮಾಡುತ್ತ ಬಂದಿದ್ದಾರೆ. ಆ ಪ್ರಯೋಗಗಳಲ್ಲಿ ಏನು ಕಂಡಿತು, ಏನು ಕಾಣಲಿಲ್ಲ ಎಂಬುದು ತಿಳಿದರೆ ನಿಮ್ಮ ಕೈಕಾಲಿನ ಇಸುಬನ್ನು ನೀವೇ ಅರ್ಧ ಹಿಡಿತಕ್ಕೆ ತಂದುಕೊಳ್ಳಬಹುದು. ಅದಕ್ಕೇ ಈ ವಿಷಯವನ್ನು ಆರಿಸಿಕೊಂಡೆ.

ಉರಿ ಬೇರೆ, ಅಲರ್ಜಿ ಬೇರೆ

ಸುಣ್ಣ ಕಲಸಿದರೆ ಯಾರ ಕೈಯಾದರೂ ಉರಿಯುತ್ತದೆ. ಸುಣ್ಣಕ್ಕೆ ಸುಡುವ ಗುಣವಿದೆ, ಅಷ್ಟೇ. ಅಲರ್ಜಿಯ ರೀತಿ ಹೀಗಲ್ಲ. ನೂರು ಜನ ಮುಟ್ಟಿದರೆ ತೊಂಬತ್ತೊಂಬತ್ತು ಜನರಿಗೆ ಏನೂ ಆಗದಿರಬಹುದು, ಒಬ್ಬರಿಗೆ ಮಾತ್ರ ತುರಿಕೆ, ಕೆಂಪು, ನೀರುಗುಳ್ಳೆ ಏಳಬಹುದು.

ಇದು ಎರಡು ಹಂತದಲ್ಲಿ ನಡೆಯುತ್ತದೆ. ಅಲರ್ಜಿ ತರುವ ವಸ್ತುಗಳು ಬಹುಮಟ್ಟಿಗೆ ಬಹಳ ಚಿಕ್ಕ ಅಣುಗಳು. ಅವು ಚರ್ಮದ ಮೇಲ್ಪದರ ದಾಟಿ ಒಳಗೆ ಹೋಗಿ ನಮ್ಮದೇ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಚರ್ಮದಲ್ಲಿ ಕಾವಲು ಕಣಗಳಿವೆ. ಜರ್ಮನಿಯ ಪಾಲ್ ಲ್ಯಾಂಗರ್‌ಹಾನ್ಸ್ 1868ರಲ್ಲಿ ಅವುಗಳನ್ನು ವಿವರಿಸಿದ್ದರಿಂದ ಅವರ ಹೆಸರೇ ಆ ಕಣಗಳಿಗೆ ನಿಂತಿದೆ. ಈ ಕಾವಲು ಕಣಗಳು ಹೊಸ ವಸ್ತುವನ್ನು ಹೊತ್ತು ಕಂಕುಳು, ಕುತ್ತಿಗೆ, ತೊಡೆಸಂದಿನಲ್ಲಿರುವ ದುಗ್ಧಗ್ರಂಥಿಗಳಿಗೆ ಹೋಗುತ್ತವೆ. ಅಲ್ಲಿ ಟಿ ಕಣಗಳೆಂಬ ಬಿಳಿ ರಕ್ತಕಣಗಳು ಆ ವಸ್ತುವಿನ ಗುರುತು ಹಿಡಿದು ಸಂಖ್ಯೆಯಲ್ಲಿ ಬೆಳೆಯುತ್ತವೆ. ಇದಕ್ಕೆ ಸುಮಾರು 10ರಿಂದ 14 ದಿನ ಬೇಕು. ಈ ಹಂತದಲ್ಲಿ ಸಾಮಾನ್ಯವಾಗಿ ಹೊರಗೆ ಏನೂ ಕಾಣುವುದಿಲ್ಲ. ನಾವು ಇದನ್ನು ಗುರುತು ಹಿಡಿಯುವ ಹಂತ ಎನ್ನೋಣ.

ಎರಡನೆಯದು ಕೆರಳುವ ಹಂತ. ಗುರುತು ಹಿಡಿದಾದ ಮೇಲೆ ಅದೇ ವಸ್ತು ಮತ್ತೆ ತಾಗಿದರೆ ಒಂದರಿಂದ ಮೂರು ದಿನದೊಳಗೆ ಇಸುಬು ಏಳುತ್ತದೆ. ಕೂಡಲೇ ಏಳುವುದಿಲ್ಲವಾದ್ದರಿಂದ ತುರಿಕೆ ಶುರುವಾದ ದಿನ ಮುಟ್ಟಿದ್ದನ್ನು ಮಾತ್ರ ನೆನೆಸಿಕೊಂಡರೆ ಸಾಲದು. ಹಿಂದಿನ ಮೂರು ದಿನ ಏನು ಹಚ್ಚಿದಿರಿ, ಏನು ತೊಟ್ಟಿರಿ, ಎಲ್ಲಿ ಕೆಲಸ ಮಾಡಿದಿರಿ ಎಂಬುದನ್ನು ಡಾಕ್ಟರಿಗೆ ಹೇಳಬೇಕು.

ಗಿನಿಪಿಗ್ ಹೇಗೆ ಬಂತು?

ಗಿನಿಪಿಗ್ ಎಂದರೆ ಹಂದಿಯಲ್ಲ. ಅದು ದಕ್ಷಿಣ ಅಮೆರಿಕ ಮೂಲದ, ಬಾಲ ಕಾಣದ, ಮೊಲಕ್ಕಿಂತ ಚಿಕ್ಕದಾದ ಸಾಧು ಪ್ರಾಣಿ. ಚರ್ಮದ ಅಲರ್ಜಿಯನ್ನು ಅದು ಮನುಷ್ಯರಂತೆಯೇ ಚೆನ್ನಾಗಿ ತೋರಿಸುತ್ತದೆ.

1895ರಲ್ಲಿ ಜೋಸೆಫ್ ಯಾಡಸ್ಸೋನ್ ಎಂಬ ಚರ್ಮರೋಗ ವೈದ್ಯರು ಪಾದರಸದ ಔಷಧಿ ಒಗ್ಗದ ರೋಗಿಯ ಚರ್ಮಕ್ಕೆ ಅದೇ ಔಷಧಿಯನ್ನು ಅಂಟಿಸಿ ನೋಡಿ, ಕಾರಣ ಅದೇ ಎಂದು ತೋರಿಸಿದರು. ಇಂದು ನಿಮ್ಮ ಬೆನ್ನಿಗೆ ಮಾಡುವ ಪ್ಯಾಚ್ ಟೆಸ್ಟಿನ ಮೂಲ ಅದು. ಆದರೆ ಅಲರ್ಜಿ ಹೇಗೆ ಹುಟ್ಟುತ್ತದೆ ಎಂಬುದು ಅದರಿಂದ ತಿಳಿಯುವಂತಿರಲಿಲ್ಲ.

ರಕ್ತದ ಗುಂಪುಗಳನ್ನು ಕಂಡುಹಿಡಿದು 1930ರಲ್ಲಿ ನೊಬೆಲ್ ಬಹುಮಾನ ಪಡೆದ ಕಾರ್ಲ್ ಲ್ಯಾಂಡ್‌ಸ್ಟೈನರ್ ಅವರ ಹೆಸರನ್ನು ನಮ್ಮ ನರ್ಸಿಂಗ್ ವಿದ್ಯಾರ್ಥಿನಿಯರೆಲ್ಲ ಓದಿರುತ್ತಾರೆ. ಅವರೇ ನ್ಯೂಯಾರ್ಕಿನಲ್ಲಿ ಜಾನ್ ಜೇಕಬ್ಸ್ ಜೊತೆ ಸೇರಿ 1935ರಲ್ಲಿ, ಡೈನೈಟ್ರೋಕ್ಲೋರೋಬೆಂಜೀನ್‌ನಂಥ ಸರಳ ರಾಸಾಯನಿಕಗಳಿಂದಲೂ ಗಿನಿಪಿಗ್‌ಗಳಿಗೆ ಚರ್ಮದ ಅಲರ್ಜಿ ತರಿಸಬಹುದು ಎಂದು ತೋರಿಸಿದರು. 1942ರಲ್ಲಿ ಅವರೂ ಮೆರಿಲ್ ಚೇಸ್ ಅವರೂ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಲರ್ಜಿ ಇರುವ ಗಿನಿಪಿಗ್‌ನ ಬಿಳಿ ಕಣಗಳನ್ನು ತೆಗೆದು ಅಲರ್ಜಿ ಇಲ್ಲದ್ದಕ್ಕೆ ಕೊಟ್ಟಾಗ ಅದಕ್ಕೂ ಅಲರ್ಜಿ ಬಂತು. ರಕ್ತದ ತಿಳಿನೀರನ್ನಷ್ಟೇ ಕೊಟ್ಟಾಗ ಬರಲಿಲ್ಲ. ಈ ಅಲರ್ಜಿಯ ನೆನಪು ಕಣಗಳಲ್ಲಿ ಇರುತ್ತದೆ ಎಂದು ತಿಳಿದದ್ದು ಹೀಗೆ. ಅಲರ್ಜಿ ಒಮ್ಮೆ ಬಂದರೆ ಬಹುಪಾಲು ಜನರಲ್ಲಿ ವರ್ಷಗಟ್ಟಲೆ, ಎಷ್ಟೋ ಸಲ ಜೀವನಪೂರ್ತಿ ಉಳಿಯುವುದಕ್ಕೂ ಈ ನೆನಪಿನ ಕಣಗಳೇ ಕಾರಣ.

ಬಲವಾದದ್ದು ಬೇಗ ಸಿಕ್ಕಿಬೀಳುತ್ತದೆ

ಲ್ಯಾಂಡ್‌ಸ್ಟೈನರ್ ಬಳಸಿದ ಆ ರಾಸಾಯನಿಕ ಬಹಳ ಬಲವಾದದ್ದು. ಸಾಕಷ್ಟು ತಾಗಿದರೆ ಹೆಚ್ಚುಕಡಿಮೆ ಎಲ್ಲರಿಗೂ ಅಲರ್ಜಿ ತರಿಸುತ್ತದೆ. ಇಂಥದ್ದನ್ನು ಯಾರೂ ಕ್ರೀಮಿಗೆ ಹಾಕುವುದಿಲ್ಲ. ನಮ್ಮನ್ನು ಕಾಡುವುದು ಬಹಳ ಸಲ ದುರ್ಬಲ ಅಲರ್ಜಿಕಾರಕಗಳು. ಸೋಪು ಎಣ್ಣೆಗಳ ಕೆಲವು ಸುವಾಸನೆಗಳು, ಹುಣ್ಣಿನ ಕೆಲವು ಮುಲಾಮುಗಳು ಈ ಸಾಲಿನವು.

ದುರ್ಬಲ ಎಂದರೆ ತುರಿಕೆ ಕಡಿಮೆ ಎಂದು ತಿಳಿಯಬೇಡಿ. ಆ ವಸ್ತು ಅಲರ್ಜಿ ಹುಟ್ಟಿಸುವುದು ಕಷ್ಟ, ಅದಕ್ಕೆ ಹೆಚ್ಚು ಪ್ರಮಾಣ, ಹೆಚ್ಚು ಕಾಲ ಬೇಕು ಎಂದು ಮಾತ್ರ ಅದರ ಅರ್ಥ. ಹುಟ್ಟಿದ ಮೇಲೆ ಆ ಇಸುಬು ಯಾವ ಇಸುಬಿಗೂ ಕಡಿಮೆಯಿರುವುದಿಲ್ಲ.

ಇಲ್ಲೊಂದು ಸಣ್ಣ ಲೆಕ್ಕ ನೋಡಿ. ಒಂದು ವಸ್ತು ನೂರರಲ್ಲಿ ಒಬ್ಬರಿಗೆ ಅಲರ್ಜಿ ತರುತ್ತದೆ ಎಂದುಕೊಳ್ಳೋಣ. ಅದನ್ನು 20 ಪ್ರಾಣಿಗಳಿಗೆ ಹಚ್ಚಿ ನೋಡಿದರೆ, ಐದು ಸಲದಲ್ಲಿ ನಾಲ್ಕು ಸಲ ಒಂದು ಪ್ರಾಣಿಗೂ ಏನೂ ಆಗುವುದಿಲ್ಲ. ಪರೀಕ್ಷೆ ಪಾಸಾಯಿತು. ಆದರೆ ಅದೇ ವಸ್ತುವನ್ನು ಒಂದು ಲಕ್ಷ ಜನ ಬಳಸಿದರೆ ಸಾವಿರ ಜನ ಚರ್ಮರೋಗ ವಿಭಾಗದ ಬಾಗಿಲಿಗೆ ಬರುತ್ತಾರೆ. "ಪರೀಕ್ಷೆ ಮಾಡಿದ್ದು ಎಂದು ಡಬ್ಬಿಯ ಮೇಲೆ ಬರೆದಿದೆಯಲ್ಲ" ಎಂಬ ಪ್ರಶ್ನೆಗೆ ಮೊದಲ ಉತ್ತರ ಇದು. ಪರೀಕ್ಷೆ ಸುಳ್ಳಾಗಿರಬೇಕಿಲ್ಲ. ಚಿಕ್ಕ ಪರೀಕ್ಷೆಗೆ ದುರ್ಬಲ ವಸ್ತು ಕಾಣಿಸುವುದಿಲ್ಲ.

ಹಾಗಾದರೆ ಸಾವಿರಾರು ಪ್ರಾಣಿಗಳನ್ನು ಬಳಸಬೇಕೆ? ಅದು ಆಗದ ಮಾತು, ಆಗಬಾರದ ಮಾತೂ ಹೌದು. ಮನುಷ್ಯರ ಮೇಲೆಯೇ ನೋಡಿದವರೂ ಇದ್ದಾರೆ. ಅಮೆರಿಕದ ಚರ್ಮರೋಗ ತಜ್ಞ ಆಲ್ಬರ್ಟ್ ಕ್ಲಿಗ್ಮನ್ ಅವರು ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಮೇಲೆ 1950ರ ದಶಕದಿಂದ ಪ್ರಯೋಗ ನಡೆಸಿದರು. ಅಲರ್ಜಿಕಾರಕಗಳನ್ನು ಮನುಷ್ಯರ ಮೇಲೆ ಪರೀಕ್ಷಿಸುವ ಅವರ ವಿಧಾನ 1966ರಲ್ಲಿ ಪ್ರಕಟವಾಯಿತು. ಆ ಜೈಲಿನ ಪ್ರಯೋಗಗಳು 1974ರಲ್ಲಿ ನಿಂತವು. ಅದಕ್ಕಾಗಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ 2021ರಲ್ಲಿ, ಫಿಲಡೆಲ್ಫಿಯಾ ನಗರಾಡಳಿತ 2022ರಲ್ಲಿ ಕ್ಷಮೆ ಕೇಳಿದವು. ಬಡವರು, ಬಂಧನದಲ್ಲಿರುವವರು ಎಂಬ ಕಾರಣಕ್ಕೆ ಯಾರ ಚರ್ಮವೂ ಪ್ರಯೋಗದ ಹಲಗೆಯಾಗಬಾರದು ಎಂಬುದು ಇಂದು ಎಲ್ಲ ದೇಶಗಳೂ ಒಪ್ಪಿದ ಮಾತು.

ದುರ್ಬಲವನ್ನು ಬಲಗೊಳಿಸುವ ದಾರಿಗಳು

ಪ್ರಾಣಿಗಳ ಸಂಖ್ಯೆ ಹೆಚ್ಚಿಸದೆ ದುರ್ಬಲ ವಸ್ತುವನ್ನು ಹಿಡಿಯುವ ಉಪಾಯವನ್ನು ಸ್ವೀಡನ್ನಿನ ಬರ್ಟಿಲ್ ಮ್ಯಾಗ್ನುಸನ್ ಮತ್ತು ಅದೇ ಕ್ಲಿಗ್ಮನ್ 1969ರಲ್ಲಿ ಪ್ರಕಟಿಸಿದರು. ಗಿನಿಪಿಗ್ ಮ್ಯಾಕ್ಸಿಮೈಸೇಶನ್ ಟೆಸ್ಟ್ ಎಂದು ಅದರ ಹೆಸರು. ಚರ್ಮದ ರಕ್ಷಣೆಯನ್ನು ಬೇಕೆಂತಲೇ ಕೆಡಿಸಿ, ಅಲರ್ಜಿ ಬರಲು ಎಲ್ಲ ಅನುಕೂಲ ಮಾಡಿಕೊಟ್ಟು, ಆಗಲಾದರೂ ಬರುತ್ತದೆಯೇ ಎಂದು ನೋಡುವುದು ಅದರ ಸಾರ.

ತಾಯಂದಿರೇ, ಇಲ್ಲಿ ಸ್ವಲ್ಪ ಗಮನವಿಟ್ಟು ಕೇಳಿ. ಪ್ರಯೋಗಶಾಲೆಯಲ್ಲಿ ಬೇಕೆಂತಲೇ ಮಾಡುವ ಈ ಕೆಲಸಗಳನ್ನೇ ನಾವು ಮನೆಯಲ್ಲಿ, ಹೊಲದಲ್ಲಿ, ಕೆಲಸದ ಜಾಗದಲ್ಲಿ ತಿಳಿಯದೆ ನಮ್ಮ ಚರ್ಮಕ್ಕೆ ಮಾಡಿಕೊಳ್ಳುತ್ತಿರುತ್ತೇವೆ. ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಬೇಲಿ ದಾಟಿಸುವುದು. ಗಿನಿಪಿಗ್‌ನ ಭುಜದ ಹತ್ತಿರ ಕೂದಲು ತೆಗೆದು, ವಸ್ತುವನ್ನು ಸೂಜಿಯಿಂದ ಚರ್ಮದೊಳಕ್ಕೇ ಕೊಡುತ್ತಾರೆ. ಚರ್ಮದ ಮೇಲ್ಪದರವೇ ನಮ್ಮ ಬೇಲಿ. 500 ಡಾಲ್ಟನ್‌ಗಿಂತ ಹೆಚ್ಚು ತೂಕದ ಅಣುಗಳು ಗಟ್ಟಿಯಾದ ಚರ್ಮವನ್ನು ದಾಟುವುದು ಕಷ್ಟ. ಗಾಯಕ್ಕೆ ಹಚ್ಚುವ ನಿಯೋಮೈಸಿನ್ ಔಷಧಿಯ ಅಣು 600 ದಾಟುತ್ತದೆ. ಆದ್ದರಿಂದ ಗಟ್ಟಿ ಚರ್ಮಕ್ಕೆ ಹಚ್ಚಿದಾಗ ಅದು ದುರ್ಬಲ. ಆದರೆ ಅದನ್ನು ಹಚ್ಚುವುದೇ ಬೇಲಿ ಮುರಿದ ಜಾಗಕ್ಕೆ! ವರ್ಷಗಟ್ಟಲೆ ಮಾಯದ ಕಾಲಿನ ಹುಣ್ಣು ಇರುವವರಲ್ಲಿ ಮುಲಾಮಿನ ಅಲರ್ಜಿ ಬಹಳ ಕಾಣುವುದು ಇದರಿಂದಲೇ. "ಹುಣ್ಣು ಮಾಯುತ್ತಿಲ್ಲ, ಸುತ್ತ ಕೆಂಪಾಗಿ ತುರಿಸುತ್ತದೆ" ಎಂದು ಇನ್ನಷ್ಟು ಮುಲಾಮು ಬಳಿಯುತ್ತಾರೆ. ಆಗ ಹುಣ್ಣಿಗಿಂತ ಮುಲಾಮೇ ಶತ್ರುವಾಗಿರಬಹುದು. ಫ್ರಾಮೈಸೆಟಿನ್ ಮುಲಾಮು ನಿಯೋಮೈಸಿನ್‌ನ ಒಡಹುಟ್ಟು. ಒಂದು ಒಗ್ಗದವರಿಗೆ ಇನ್ನೊಂದೂ ಸಾಮಾನ್ಯವಾಗಿ ಒಗ್ಗುವುದಿಲ್ಲ.

ಎರಡನೆಯದು, ಕಾವಲುಗಾರರನ್ನು ಕೆರಳಿಸುವುದು. ವಸ್ತುವಿನ ಜೊತೆ ಎಣ್ಣೆಯಲ್ಲಿ ಕಲಸಿದ ಸತ್ತ ಕ್ಷಯ ಜಾತಿಯ ಬ್ಯಾಕ್ಟೀರಿಯಾಗಳನ್ನೂ ಕೊಡುತ್ತಾರೆ. ಇದಕ್ಕೆ ಫ್ರಾಯಿಂಡರ ಅಡ್ಜುವೆಂಟ್ ಎಂದು ಹೆಸರು. ಬ್ಯಾಕ್ಟೀರಿಯಾ ಕಂಡ ಕೂಡಲೇ ದೇಹ "ಅಪಾಯ ಬಂದಿದೆ" ಎಂದು ಎಚ್ಚೆತ್ತು, ಪಕ್ಕದಲ್ಲಿರುವ ನಿರಪಾಯದ ವಸ್ತುವನ್ನೂ ಶತ್ರುಗಳ ಪಟ್ಟಿಗೆ ಸೇರಿಸುತ್ತದೆ. ಕೀವು ತುಂಬಿದ ಗಾಯಕ್ಕೆ, ಕೆರೆದು ಸೋಂಕಾದ ಇಸುಬಿಗೆ ಸಿಕ್ಕಸಿಕ್ಕ ಪುಡಿ, ಎಣ್ಣೆ, ಮುಲಾಮು ಹಚ್ಚುವಾಗ ನಾವು ಮಾಡುವುದೂ ಹೆಚ್ಚುಕಡಿಮೆ ಇದನ್ನೇ.

ಮೂರನೆಯದು, ಸೋಪು. ಆರನೆಯ ದಿನ ಅದೇ ಜಾಗಕ್ಕೆ ಶೇಕಡಾ 10ರ ಸೋಡಿಯಂ ಲಾರಿಲ್ ಸಲ್ಫೇಟ್ ಹಚ್ಚಿ ಚರ್ಮವನ್ನು ಕೆರಳಿಸುತ್ತಾರೆ. ಇದು ಶಾಂಪೂ, ಹಲ್ಲಿನ ಪೇಸ್ಟುಗಳಲ್ಲಿ ನೊರೆ ಬರಿಸುವ ವಸ್ತು. ದಿನಕ್ಕೆ ಹತ್ತು ಸಲ ಪಾತ್ರೆ ಬಟ್ಟೆ ಸೋಪಿನಲ್ಲಿ ಕೈ ಅದ್ದುವ ತಾಯಂದಿರ ಬೆರಳುಗಳು ಒಡೆದು ಬಿರುಕು ಬಿಟ್ಟಿರುತ್ತವೆ. ಆ ಬಿರುಕಿನಿಂದ ಬೆಳ್ಳುಳ್ಳಿಯ ರಸವೂ ಒಳಗೆ ಹೋಗುತ್ತದೆ, ಸೋಪಿನ ಸುವಾಸನೆಯೂ ಹೋಗುತ್ತದೆ. ಮನೆಯವರೆಲ್ಲ ಅದೇ ಸೋಪು ಬಳಸಿದರೂ ನಿಮಗೊಬ್ಬರಿಗೇ ಏಕೆ ಎಂದು ಕೇಳಿದಿರಲ್ಲ? ಮನೆಯಲ್ಲಿ ಅತಿ ಹೆಚ್ಚು ಹೊತ್ತು ಒದ್ದೆಯಾಗಿರುವ ಕೈ ಯಾರದ್ದು ಎಂದು ಯೋಚಿಸಿ ನೋಡಿ.

ನಾಲ್ಕನೆಯದು, ಮುಚ್ಚಿ ಕಟ್ಟುವುದು. ಏಳನೆಯ ದಿನ ವಸ್ತುವನ್ನು ಹಚ್ಚಿ, ಗಾಳಿಯಾಡದಂತೆ 48 ಗಂಟೆ ಪಟ್ಟಿ ಕಟ್ಟುತ್ತಾರೆ. ಮುಚ್ಚಿದ ಚರ್ಮ ಬೆವರಿನಲ್ಲಿ ನೆಂದು ಮೆತ್ತಗಾಗುತ್ತದೆ, ವಸ್ತು ಸಲೀಸಾಗಿ ಒಳಹೋಗುತ್ತದೆ. ಕಾಲಿಗೆ ಬಿಗಿಯಾಗಿ ಕಚ್ಚಿದ ರಬ್ಬರ್ ಚಪ್ಪಲಿಯ ಪಟ್ಟಿ, ಗಡಿಯಾರದ ಪಟ್ಟಿ, ಸ್ನಾನ ಮಾಡುವಾಗಲೂ ತೆಗೆಯದ ಬಳೆ ಉಂಗುರ, ಹಣೆಯಿಂದ ಕೀಳದ ಸ್ಟಿಕ್ಕರ್, ಮುಲಾಮು ಹಚ್ಚಿ ಮೇಲೆ ಸುತ್ತಿದ ಪ್ಲಾಸ್ಟಿಕ್ಕು ಎಲ್ಲವೂ ಇಂಥ ಪಟ್ಟಿಗಳೇ.

ಐದನೆಯದು, ಸಮಯ. ಹೀಗೆ ಗುರುತು ಹಿಡಿಸಿದ ಮೇಲೆ ಎರಡು ವಾರ ಬಿಟ್ಟು, 21ನೆಯ ದಿನ, ಬೇರೆ ಜಾಗದಲ್ಲಿ ಒಂದು ದಿನ ಹಚ್ಚಿ ಕಟ್ಟಿ, ಬಿಚ್ಚಿದ ಮೇಲೆ ಕೆಂಪಾಗುತ್ತದೆಯೇ ಎಂದು ನೋಡುತ್ತಾರೆ. ಈ ವಿಧಾನದಲ್ಲಿ ಶೇಕಡಾ 30ರಷ್ಟು ಪ್ರಾಣಿಗಳಲ್ಲಿ ಕೆಂಪಾದರೆ ವಸ್ತುವನ್ನು ಅಲರ್ಜಿಕಾರಕವೆಂದು ಪರಿಗಣಿಸುತ್ತಾರೆ. ಪ್ರಯೋಗಶಾಲೆಗೆ ಮೂರು ವಾರ ಸಾಕು. ನಮ್ಮ ಬದುಕಿನಲ್ಲಿ ದುರ್ಬಲ ವಸ್ತುವಿಗೆ ಹತ್ತು ವರ್ಷದ ಅವಕಾಶವಿದೆ. ಒಂದು ದಿನ ಕೈ ಒಡೆದಿತ್ತು, ಇನ್ನೊಂದು ದಿನ ಗಾಯವಾಗಿತ್ತು, ಬೇಸಿಗೆಯಲ್ಲಿ ಬೆವರಿತ್ತು. ಅಂಥ ಯಾವುದೋ ಒಂದು ದಿನ ದೇಹ ಗುರುತು ಹಿಡಿದುಬಿಡುತ್ತದೆ. "ಹತ್ತು ವರ್ಷದಿಂದ ಹಚ್ಚುತ್ತಿದ್ದೇನೆ" ಎಂಬುದು ಆ ವಸ್ತುವಿನ ಪರವಾದ ಸಾಕ್ಷಿಯಲ್ಲ.

ಇಲಿಯ ಕಿವಿ ಹೇಳಿದ್ದು, ಹೇಳದ್ದು

ಗಿನಿಪಿಗ್ ವಿಧಾನದಲ್ಲಿ ಪ್ರಾಣಿಗೆ ನೋವು ಹೆಚ್ಚು, ಸೂಜಿ ಕೊಟ್ಟ ಜಾಗ ಹುಣ್ಣಾಗುತ್ತದೆ. ಕೆಂಪಾಯಿತೋ ಇಲ್ಲವೋ ಎಂಬುದು ನೋಡುವವರ ಕಣ್ಣಿನ ಮೇಲೆ ನಿಂತಿದೆ. 1980ರ ದಶಕದಲ್ಲಿ ಇಂಗ್ಲೆಂಡಿನ ಇಯಾನ್ ಕಿಂಬರ್ ಮತ್ತು ಸಂಗಡಿಗರು ಬಿಳಿ ಇಲಿಯಂಥ ಸಣ್ಣ ಇಲಿಗಳಲ್ಲಿ ಬೇರೆ ದಾರಿ ಕಂಡರು. ವಸ್ತುವನ್ನು ಮೂರು ದಿನ ಇಲಿಯ ಕಿವಿಯ ಹಿಂಬದಿಗೆ ಹಚ್ಚುತ್ತಾರೆ. ಆರನೆಯ ದಿನ ಕಿವಿಯ ಹತ್ತಿರದ ದುಗ್ಧಗ್ರಂಥಿಯನ್ನು ತೆಗೆದು, ಒಳಗೆ ಕಣಗಳು ಎಷ್ಟು ಬೆಳೆದಿವೆ ಎಂದು ಅಳೆಯುತ್ತಾರೆ. ಬರಿಯ ದ್ರಾವಣ ಹಚ್ಚಿದ ಇಲಿಗಿಂತ ಮೂರು ಪಟ್ಟು ಬೆಳೆದಿದ್ದರೆ ಅಲರ್ಜಿ ಹುಟ್ಟಿಸುವ ವಸ್ತು ಎಂದು ಲೆಕ್ಕ. ಇಲ್ಲಿ ಗುರುತು ಹಿಡಿಯುವ ಮೊದಲ ಹಂತವನ್ನೇ ನೋಡುವುದರಿಂದ ಇಸುಬು ಬರಿಸುವ ಅಗತ್ಯವಿಲ್ಲ. ಹಲವು ದೇಶಗಳಿಗೆ ಪರೀಕ್ಷಾ ನಿಯಮ ರೂಪಿಸುವ ಒ.ಇ.ಸಿ.ಡಿ. ಸಂಸ್ಥೆ ಇದನ್ನು 2002ರಲ್ಲಿ ಒಪ್ಪಿತು.

ಈ ವಿಧಾನದಿಂದ ವಸ್ತುಗಳ ಬಲವನ್ನು ತೂಗಿದಂತೆ ಹೇಳಲು ಸಾಧ್ಯವಾಯಿತು. ಲ್ಯಾಂಡ್‌ಸ್ಟೈನರ್ ಬಳಸಿದ ರಾಸಾಯನಿಕ ಶೇಕಡಾ 0.05ರ ಆಸುಪಾಸಿನಲ್ಲೇ ಮೂರು ಪಟ್ಟಿನ ಗೆರೆ ಮುಟ್ಟುತ್ತದೆ. ಕಪ್ಪು ತಲೆಬಣ್ಣದಲ್ಲಿರುವ ಪಿ.ಪಿ.ಡಿ. ಸುಮಾರು 0.1ರಲ್ಲಿ ಮುಟ್ಟುತ್ತದೆ, ಅದೂ ಬಲವಾದದ್ದೇ. ಲವಂಗದೆಣ್ಣೆಯ ಯೂಜಿನಾಲ್‌ಗೆ ಶೇಕಡಾ 10ಕ್ಕೂ ಹೆಚ್ಚು ಬೇಕು. ಹೀಗೆ 10ರಿಂದ 100ರವರೆಗೆ ಬೇಕಾಗುವ ವಸ್ತುಗಳನ್ನು ದುರ್ಬಲ ಎನ್ನುತ್ತಾರೆ.

ಆದರೆ ಇಲಿ ಮನುಷ್ಯನಲ್ಲ. ಇದಕ್ಕೆ ಒಳ್ಳೆಯ ಉದಾಹರಣೆ ನಿಕ್ಕಲ್. ಬಂಗಾರವಲ್ಲದ ಕಿವಿಯೋಲೆ, ಸರ, ಪಿನ್ನು, ಪ್ಯಾಂಟಿನ ಗುಂಡಿಗಳಲ್ಲಿರುವ ಈ ಲೋಹ ಪ್ರಪಂಚದಲ್ಲೆಲ್ಲ ಹೆಂಗಸರಿಗೆ ಅತಿ ಹೆಚ್ಚು ಅಲರ್ಜಿ ತರುವ ವಸ್ತುಗಳಲ್ಲಿ ಒಂದು. ಇಲಿಯ ಪರೀಕ್ಷೆಯಲ್ಲಿ ಅದು ಸಾಮಾನ್ಯವಾಗಿ ಸಿಕ್ಕಿಬೀಳಲೇ ಇಲ್ಲ. ಕಾರಣ 2010ರಲ್ಲಿ ತಿಳಿಯಿತು. ನಮ್ಮ ಕಣಗಳ ಮೇಲೆ ಟಿ.ಎಲ್.ಆರ್.4 ಎಂಬ ಎಚ್ಚರಿಕೆ ಗಂಟೆಯಂಥ ಪ್ರೋಟೀನಿದೆ. ಮನುಷ್ಯರ ಈ ಗಂಟೆಗೆ ನಿಕ್ಕಲ್ ನೇರವಾಗಿ ಅಂಟಿ ಬಾರಿಸುತ್ತದೆ. ಇಲಿಯಲ್ಲೂ ಆ ಗಂಟೆ ಇದೆ, ಆದರೆ ನಿಕ್ಕಲ್ ಅಂಟಲು ಬೇಕಾದ ಜಾಗ ಅದರಲ್ಲಿಲ್ಲ. ಮನುಷ್ಯರ ಟಿ.ಎಲ್.ಆರ್.4 ಇರುವಂತೆ ಮಾಡಿದ ಇಲಿಗಳಿಗೆ ನಿಕ್ಕಲ್ ಅಲರ್ಜಿ ಬಂತು.

ಇಲ್ಲಿ ದಾರಿ ತೋರಿಸಿದ್ದು ರೋಗಿಗಳು. ಕಿವಿ ಚುಚ್ಚಿಸಿಕೊಂಡ ಹೆಣ್ಣುಮಕ್ಕಳಲ್ಲಿ ಈ ಅಲರ್ಜಿ ಹೆಚ್ಚು ಎಂದು ಆಸ್ಪತ್ರೆಗಳಲ್ಲಿ ಕಂಡದ್ದರಿಂದ ಡೆನ್ಮಾರ್ಕ್ ದೇಶ 1990ರ ಹೊತ್ತಿಗೆ ಆಭರಣಗಳಿಂದ ಬಿಡುಗಡೆಯಾಗುವ ನಿಕ್ಕಲ್‌ಗೆ ಮಿತಿ ಹಾಕಿತು. ಆಮೇಲೆ ಕಿವಿ ಚುಚ್ಚಿಸಿಕೊಂಡ ಹುಡುಗಿಯರಲ್ಲಿ ಅಲರ್ಜಿ ಕಡಿಮೆಯಾಯಿತು.

ಇನ್ನೊಂದು ಉದಾಹರಣೆ ಕ್ರೀಮು ಕೆಡದಂತೆ ಹಾಕುವ ಮಿಥೈಲ್ ಐಸೋಥಿಯಜೋಲಿನೋನ್. ಮೊದಲು ಅದು ಇನ್ನೊಂದು ಬಲವಾದ ವಸ್ತುವಿನ ಜೊತೆ ಮಿಶ್ರಣದಲ್ಲಿ ಬಹಳ ಕಡಿಮೆ ಪ್ರಮಾಣದಲ್ಲಿ ಬಳಕೆಯಲ್ಲಿತ್ತು. ಎರಡರಲ್ಲಿ ಇದೇ ಕಡಿಮೆ ಬಲದ್ದು ಎಂದು 2005ರಲ್ಲಿ ಯುರೋಪಿನಲ್ಲಿ ಇದನ್ನೊಂದನ್ನೇ, ಹಿಂದಿಗಿಂತ ಹೆಚ್ಚು ಪ್ರಮಾಣದಲ್ಲಿ, ಸೌಂದರ್ಯ ಸಾಧನಗಳಿಗೆ ಹಾಕಲು ಅನುಮತಿ ದೊರೆಯಿತು. ಕೆಲವೇ ವರ್ಷಗಳಲ್ಲಿ ಚರ್ಮರೋಗ ವಿಭಾಗಗಳಲ್ಲಿ ಅದರ ಅಲರ್ಜಿಯವರು ತುಂಬಿಕೊಂಡರು. 2013ರಲ್ಲಿ ಅಮೆರಿಕದ ತಜ್ಞರು ಅದನ್ನು ವರ್ಷದ ಅಲರ್ಜಿಕಾರಕ ಎಂದು ಸಾರಿದರು. ಹಚ್ಚಿ ಹಾಗೇ ಬಿಡುವ ಕ್ರೀಮುಗಳಲ್ಲಿ ಅದನ್ನು ಬಳಸಬಾರದೆಂದು 2017ರಲ್ಲಿ ಯುರೋಪಿನಲ್ಲಿ ನಿಷೇಧ ಬಂತು. ಬಲ ಕಡಿಮೆ ಎಂದು ಪ್ರಮಾಣ ಹೆಚ್ಚಿಸಿದರೆ ದುರ್ಬಲದ್ದೂ ಬಲವಾದ ಕೆಲಸ ಮಾಡುತ್ತದೆ.

ಹಳೆಯ ಬಾಟಲಿಯ ಬಗ್ಗೆಯೂ ಒಂದು ಮಾತು. ಕಿತ್ತಳೆ ಸಿಪ್ಪೆಯ ವಾಸನೆಗೆ ಕಾರಣವಾದ ಲಿಮೋನಿನ್ ತಾಜಾ ಇದ್ದಾಗ ಗಿನಿಪಿಗ್‌ಗಳಿಗೆ ಅಲರ್ಜಿ ತರಲಿಲ್ಲ. ಗಾಳಿಗೆ ತೆರೆದಿಟ್ಟ ಲಿಮೋನಿನ್ ತಂದಿತು. ಇದನ್ನು 1990ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಆನ್-ಥೆರೆಸ್ ಕಾರ್ಲ್‌ಬರ್ಗ್ ತೋರಿಸಿಕೊಟ್ಟರು. ಹಿಂದೆ ಒಗ್ಗಿದ ಸುವಾಸನೆಯ ಎಣ್ಣೆ ಮುಚ್ಚಳ ಸಡಿಲವಾಗಿ ಕಪಾಟಿನಲ್ಲಿ ವರ್ಷಗಟ್ಟಲೆ ಕುಳಿತ ಮೇಲೆ ಒಗ್ಗದೆ ಹೋಗುವುದು ಹೀಗೆ. ಇದರಿಂದ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ನಿಸರ್ಗದ್ದು, ಗಿಡಮೂಲಿಕೆಯದ್ದು ಎಂದ ಮಾತ್ರಕ್ಕೆ ಅಲರ್ಜಿ ಬರುವುದಿಲ್ಲ ಎನ್ನುವಂತಿಲ್ಲ. ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ಕಾಂಗ್ರೆಸ್ ಗಿಡದ ಅಲರ್ಜಿಯಿಂದ ಮುಖ, ಕತ್ತು, ಮೊಣಕೈ ಸಂದು ಕಪ್ಪಾಗಿ ದಪ್ಪಗಾದ ರೈತರನ್ನು ನೀವೆಲ್ಲ ನೋಡಿದ್ದೀರಿ. ಅದೂ ನಿಸರ್ಗದ್ದೇ.

ಆ ಮೂಕಜೀವಿಗಳ ಋಣ

"ಇದಕ್ಕಾಗಿ ಪ್ರಾಣಿಗಳನ್ನು ಹಿಂಸಿಸುವುದು ಪಾಪವಲ್ಲವೇ ಸಿಸ್ಟರ್?" ಎಂದು ಕೇಳಿದವರಿದ್ದಾರೆ. ದಯೆಯನ್ನೇ ಮೊದಲ ಪಾಠವಾಗಿ ಕಲಿಸುವ ಸಂಸ್ಥೆಯಲ್ಲಿ ನಿಂತು ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲು ನನ್ನಿಂದಾಗದು. ನಾನು ಇಲ್ಲಿ ಹೇಳಿದ ತಿಳಿವಳಿಕೆಯ ಬಹುಪಾಲು ಆ ಜೀವಿಗಳ ನೋವಿನಿಂದ ಬಂದದ್ದು, ನಿಜ.

ವಿಜ್ಞಾನಿಗಳೂ ಇದನ್ನು ಯೋಚಿಸಿದ್ದಾರೆ. ಪ್ರಾಣಿಯ ಬದಲು ಬೇರೆ ದಾರಿ ಹುಡುಕಬೇಕು, ಸಂಖ್ಯೆ ಕಡಿಮೆ ಮಾಡಬೇಕು, ನೋವು ತಗ್ಗಿಸಬೇಕು ಎಂಬ ಮೂರು ಸೂತ್ರಗಳನ್ನು ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ 1959ರಲ್ಲೇ ಬರೆದರು. ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಪ್ರಾಣಿ ಪ್ರಯೋಗಗಳ ಮೇಲೆ ನಿಗಾ ಇಡುವ ಸಮಿತಿಯಿದೆ. ಸೌಂದರ್ಯ ಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ 2014ರಲ್ಲಿ ನಿಷೇಧಿಸಿತು. ಯುರೋಪಿನಲ್ಲಿ ಇಂಥ ನಿಷೇಧ 2013ರಲ್ಲಿ ಪೂರ್ಣವಾಗಿತ್ತು.

ಈಗ ಮೂರು ಬಗೆಯ ಪರೀಕ್ಷೆಗಳನ್ನು ಪ್ರಾಣಿಯಿಲ್ಲದೆ ಮಾಡುತ್ತಾರೆ. ವಸ್ತು ಪ್ರೋಟೀನಿನ ತುಣುಕಿಗೆ ಅಂಟುತ್ತದೆಯೇ ಎಂದು ಗಾಜಿನ ನಳಿಗೆಯಲ್ಲಿ ನೋಡುವುದು ಒಂದು. ಪ್ರಯೋಗಶಾಲೆಯಲ್ಲಿ ಬೆಳೆಸಿದ ಮನುಷ್ಯರ ಚರ್ಮದ ಕಣಗಳು ಎಚ್ಚರಗೊಳ್ಳುತ್ತವೆಯೇ ಎಂದು ನೋಡುವುದು ಎರಡು. ಕಾವಲು ಕಣಗಳಂತೆ ವರ್ತಿಸುವ ರಕ್ತಕಣಗಳು ಕೆರಳುತ್ತವೆಯೇ ಎಂದು ನೋಡುವುದು ಮೂರು. ಇವುಗಳ ಫಲಿತಾಂಶಗಳನ್ನು ಕೂಡಿಸಿ ತೀರ್ಮಾನಿಸುವ ನಿಯಮವನ್ನು ಒ.ಇ.ಸಿ.ಡಿ. 2021ರಲ್ಲಿ ಪ್ರಕಟಿಸಿತು. ನೀರಿನಲ್ಲಿ ಕರಗದ ವಸ್ತುಗಳು, ಗಾಳಿಯಲ್ಲಿ ಅಥವಾ ಚರ್ಮದೊಳಗೆ ರೂಪ ಬದಲಿಸುವ ವಸ್ತುಗಳು ಇವುಗಳ ಕಣ್ಣಿಗೂ ಕೆಲವು ಸಲ ತಪ್ಪುತ್ತವೆ.

ಹೀಗಾಗಿ ಗಿನಿಪಿಗ್ ಇರಲಿ, ಇಲಿ ಇರಲಿ, ಗಾಜಿನ ನಳಿಗೆ ಇರಲಿ, ಒಂದು ಮಾತು ಹಾಗೇ ಉಳಿಯುತ್ತದೆ. ದುರ್ಬಲ ಅಲರ್ಜಿಕಾರಕವನ್ನು ಕೊನೆಗೆ ಗುರುತಿಸುವುದು ರೋಗಿ ಹೇಳುವ ವಿವರ ಮತ್ತು ರೋಗಿಯ ಬೆನ್ನಿನ ಮೇಲಿನ ಪ್ಯಾಚ್ ಟೆಸ್ಟ್. ನಿಮ್ಮ ಮಾತಿಗೆ ಅಷ್ಟು ಬೆಲೆಯಿದೆ. ಅದನ್ನು ಡಾಕ್ಟರ ಮುಂದೆ ಸಂಕೋಚದಿಂದ ನುಂಗಿಕೊಳ್ಳಬೇಡಿ.

ನೆನಪಿಡಬೇಕಾದ ಅಂಶಗಳು

1. ಇಸುಬು ಎದ್ದ ದಿನಕ್ಕಿಂತ ಹಿಂದಿನ ಮೂರು ದಿನಗಳಲ್ಲಿ ಹಚ್ಚಿದ್ದು, ತೊಟ್ಟಿದ್ದು, ಮುಟ್ಟಿದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಬರೆಯಲು ಬಾರದಿದ್ದರೆ ಡಬ್ಬಿ, ಟ್ಯೂಬು, ಸೋಪಿನ ಕಾಗದವನ್ನೇ ತನ್ನಿ. ನಾಟಿ ಔಷಧಿ, ಎಣ್ಣೆಗಳನ್ನೂ ಬಿಡಬೇಡಿ.

2. ಒಡೆದ ಚರ್ಮಕ್ಕೆ, ಹುಣ್ಣಿಗೆ ಅಂಗಡಿಯಿಂದ ಕೇಳಿ ತಂದ ಮುಲಾಮು ಹಚ್ಚಬೇಡಿ. ಕೊಟ್ಟ ಮುಲಾಮಿನಿಂದ ಸುತ್ತಲಿನ ಚರ್ಮ ಕೆಂಪಾಗಿ ತುರಿಸಿದರೆ ನಿಲ್ಲಿಸಿ, ಬಂದು ತೋರಿಸಿ.

3. ಪಾತ್ರೆ ಬಟ್ಟೆ ಕೆಲಸ ಮುಗಿದ ಕೂಡಲೇ ಕೈ ತೊಳೆದು, ಒರೆಸಿ, ವಾಸನೆಯಿಲ್ಲದ ವ್ಯಾಸಲೀನ್ ಅಥವಾ ಡಾಕ್ಟರು ಬರೆದ ಲೇಪ ಹಚ್ಚಿ. ಚರ್ಮದ ಬೇಲಿ ಗಟ್ಟಿಯಿದ್ದರೆ ದುರ್ಬಲ ವಸ್ತುವಿಗೆ ಒಳದಾರಿ ಸಿಗುವುದು ಕಷ್ಟ.

4. ಉಂಗುರ, ಬಳೆ, ಗಡಿಯಾರ, ಚಪ್ಪಲಿಯ ಕೆಳಗೆ ನೀರು ನಿಲ್ಲದಂತೆ ನೋಡಿಕೊಳ್ಳಿ. ರಾತ್ರಿ ಸ್ಟಿಕ್ಕರ್ ತೆಗೆದು ಹಣೆ ತೊಳೆಯಿರಿ.

5. ಗಾರೆ ಕೆಲಸದವರು ಸಿಮೆಂಟು ಒಣಗಲು ಬಿಡದೆ ಕೈಕಾಲು ತೊಳೆಯಬೇಕು. ಅದರಲ್ಲಿರುವ ಕ್ರೋಮೇಟ್ ನೀರಿನಲ್ಲಿ ಕರಗಿ ಚರ್ಮದೊಳಗೆ ಇಳಿಯುತ್ತದೆ.

6. ಪ್ಯಾಚ್ ಟೆಸ್ಟ್ ಮಾಡಿಸುವಾಗ ಎರಡು ದಿನ ಬೆನ್ನಿನ ಪಟ್ಟಿ ಕೀಳಬಾರದು, ಕೊನೆಯ ಸಲ ನೋಡುವವರೆಗೂ ಬೆನ್ನಿಗೆ ನೀರು ಹಾಕಬಾರದು, ಬೆವರುವ ಕೆಲಸ ಮಾಡಬಾರದು. ಪಟ್ಟಿ ತೆಗೆದ ದಿನ ಏನೂ ಕಾಣಲಿಲ್ಲವೆಂದು ಊರಿಗೆ ಹೊರಟುಬಿಡಬೇಡಿ. ನಿಯೋಮೈಸಿನ್‌ನಂಥ ಕೆಲವು ವಸ್ತುಗಳು ತಡವಾಗಿ, ಐದಾರು ದಿನಕ್ಕೂ ಕೆಂಪಾಗುತ್ತವೆ. ಹೇಳಿದ ದಿನಗಳಲ್ಲಿ ತಪ್ಪದೆ ಬಂದು ತೋರಿಸಿ. ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ, ಆದರೆ ನೀವೇ ನಿಲ್ಲಿಸಬೇಡಿ.

7. ಒಗ್ಗದ ವಸ್ತುವಿನ ಹೆಸರು ಬರೆದುಕೊಟ್ಟ ಚೀಟಿಯನ್ನು ಜೋಪಾನವಾಗಿಡಿ. ಯಾವ ಆಸ್ಪತ್ರೆಗೆ, ಯಾವ ಔಷಧಿ ಅಂಗಡಿಗೆ ಹೋದರೂ ಮೊದಲು ಅದನ್ನು ತೋರಿಸಿ. ಅದನ್ನು ದೂರವಿಟ್ಟರೆ ಬಹುಮಟ್ಟಿಗೆ ಇಸುಬು ಕೆಲವು ವಾರಗಳಲ್ಲಿ ಇಳಿಯುತ್ತದೆ.

 ಪ್ಯಾಚ್ ಟೆಸ್ಟಿನ ಬಗ್ಗೆ ಇನ್ನೂ ಅನುಮಾನವಿದ್ದವರು ಡ್ರೆಸ್ಸಿಂಗ್ ಕೋಣೆಯ ಸಿಸ್ಟರನ್ನು ಕೇಳಬಹುದು.